ಮುಳ್ಳು, ಹೇರಳೆಕಾಯಿ ಮತ್ತು ಬೆಲ್ಲದ ಪಾಕ

ಈ ಪುಟಗಳಲ್ಲಿ ಇದುವರೆಗೆ ಶಾಲೆ, ಪರೀಕ್ಷೆ, ವರ್ಗಾವಣೆ, ಊರು, ಮಳೆ ಇವುಗಳನ್ನು ಬಿಟ್ಟು ಬೇರೇನನ್ನೂ ಬರೆದವನಲ್ಲ ನಾನು. ಇಂದು ಮೀನಿನ ಅಡುಗೆಯೊಂದರ ವಿಚಾರ ಬರೆಯಲು ಕುಳಿತಿದ್ದೇನೆ. ಸಸ್ಯಾಹಾರಿಗಳಾದ ಶಿಷ್ಯರು ಕ್ಷಮಿಸಬೇಕು. ಬೇಕಾದರೆ ಮೀನಿನ ಜಾಗದಲ್ಲಿ ಸಿಹಿಗುಂಬಳವನ್ನು ಇಟ್ಟುಕೊಂಡು ಓದಬಹುದು. ಆದರೆ ಮುಂದೆ ಬರುವ ಮುಳ್ಳನ್ನು ಮಾತ್ರ ಕುಂಬಳದಲ್ಲಿ ಹುಡುಕಬೇಡಿ.

ಮುಳ್ಳಿನಿಂದಲೇ ಆರಂಭಿಸುತ್ತೇನೆ. ಗೌರಿ ಹಬ್ಬ ಕಳೆದು ಒಂದೆರಡು ವಾರವಾಗಿತ್ತು. ರಾತ್ರಿ ಒಬ್ಬನೇ ಕುಳಿತು ರೋಹು ಮೀನಿನ ಸಾರಿನಲ್ಲಿ ಊಟ ಮಾಡುತ್ತಿದ್ದೆ. ಮೂರನೆಯ ತುತ್ತಿನಲ್ಲಿ ಗಂಟಲಿಗೆ ಏನೋ ಚುಚ್ಚಿಕೊಂಡಿತು. ನಮ್ಮ ಹಿರಿಯರು ಹೇಳಿಕೊಟ್ಟ ಮದ್ದನ್ನೇ ಮಾಡಿದೆ: ಅನ್ನದ ಉಂಡೆಯನ್ನು ಅಗಿಯದೆ ನುಂಗಿದೆ, ಬಾಳೆಹಣ್ಣು ನುಂಗಿದೆ, ನೀರು ಕುಡಿದೆ. ಚುಚ್ಚಿದ್ದು ಇನ್ನಷ್ಟು ಆಳಕ್ಕೆ ಇಳಿಯಿತೇ ಹೊರತು ಹೋಗಲಿಲ್ಲ. ಉಗುಳು ನುಂಗಿದರೂ ಕಣ್ಣಲ್ಲಿ ನೀರು. ಕೊನೆಗೆ ಪಕ್ಕದ ಮನೆಯವರು ತಮ್ಮ ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿದ್ದ ಚಿಕ್ಕ ವಯಸ್ಸಿನ ವೈದ್ಯೆ ದೀಪ ಹಾಕಿ ನೋಡಿ, ಚಿಮಟದಿಂದ ಮುಳ್ಳನ್ನು ತೆಗೆದು ಅಂಗೈ ಮೇಲಿಟ್ಟು ತೋರಿಸಿದರು. ಕತ್ತರಿಸಿ ಬಿಸಾಡಿದ ಉಗುರಿನಷ್ಟು ಇತ್ತು. ಅನ್ನದುಂಡೆ ನುಂಗಿದ್ದು ತಪ್ಪು, ಮುಳ್ಳು ಇನ್ನೂ ಒಳಹೊಕ್ಕು ಗಾಯವಾಗುವುದುಂಟು, ಸುಮ್ಮನೆ ಬಂದುಬಿಡಬೇಕಿತ್ತು ಎಂದರು. ಆಮೇಲೆ ಕೈ ತೊಳೆಯುತ್ತಾ ಕೇಳಿದರು: “ಮನೇಲಿ ಒಬ್ಬರೇ ಇದೀರಾ ತಾತ?”

ಮುಳ್ಳು ತೆಗೆದ ಮೇಲೂ ಗಂಟಲಲ್ಲಿ ಉಳಿದದ್ದು ಆ ಪ್ರಶ್ನೆ.

ಮಾರನೆಯ ದಿನವೇ ಮಗಳಿಗೆ ಸುದ್ದಿ ಮುಟ್ಟಿತು. ಮುಟ್ಟಿಸಿದವರು ಯಾರೆಂದು ಹೇಳಿ ನೆರೆಹೊರೆ ಕೆಡಿಸಿಕೊಳ್ಳಲಾರೆ. “ಅಪ್ಪ, ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಬಂದ್ಬಿಡಿ” ಎಂದಳು. ಒಂದು ಮುಳ್ಳಿಗಾಗಿ ಮನೆ ಬಿಡಬೇಕೇನಮ್ಮ ಎಂದೆ. “ಮುಳ್ಳಿನ ಮಾತಲ್ಲ ಅಪ್ಪ” ಎಂದಳು. ಅದು ನನಗೂ ತಿಳಿದಿತ್ತು. ಎಪ್ಪತ್ತಾರು ವರ್ಷ, ಎಡಗಣ್ಣು ಗ್ಲಾಕೋಮಾದಿಂದ ಮುಕ್ಕಾಲು ಪಾಲು ಮಬ್ಬು, ಮನೆಯಲ್ಲಿ ನಾನು, ಹಿತ್ತಲಲ್ಲಿ ಒಂದು ಹೇರಳೆ ಮರ. ಕೊನೆಗೆ ಒಂದು ಒಪ್ಪಂದವಾಯಿತು. ಡಿಸೆಂಬರಿನಲ್ಲಿ ಅವರೆಲ್ಲ ವಯನಾಡಿಗೆ ಪ್ರವಾಸ ಹೋಗುವವರಿದ್ದರು. ಹಿಂತಿರುಗುವಾಗ ಚಾಮರಾಜನಗರಕ್ಕೆ ಬಂದು ಎರಡು ದಿನವಿದ್ದು, ನಾನು ಹೇಗೆ ಬದುಕುತ್ತಿದ್ದೇನೆಂದು ಕಣ್ಣಾರೆ ನೋಡಿ ಮುಂದಿನ ಮಾತಾಡುವುದು. ಮೂವತ್ತಾರು ವರ್ಷ ಮಕ್ಕಳಿಗೆ ಪರೀಕ್ಷೆ ಮಾಡಿದವನಿಗೆ ಪರೀಕ್ಷೆಯ ದಿನಾಂಕ ಗೊತ್ತಾದಾಗ ಆಗುವ ಸಂಕಟ ಆಗ ಅರ್ಥವಾಯಿತು.

ಅಂದು ನನಗೆ ಬಂದ ಹಟ ಒಂದೇ. ಯಾವ ಮೀನು ನನ್ನನ್ನು ಆಸ್ಪತ್ರೆಗೆ ಅಟ್ಟಿತೋ ಆ ಮೀನನ್ನೇ ಅವರ ತಟ್ಟೆಗೆ ಬಡಿಸಬೇಕು.

ನಮ್ಮ ಮನೆಯಲ್ಲಿ ಊಟ ಮಾಡಿದ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು, ನಮ್ಮಾಕೆ ಬಡಿಸುವಾಗ ನನ್ನ ತಟ್ಟೆ ಯಾವಾಗಲೂ ಕೊನೆಯದು. ಎಲ್ಲರಿಗೂ ಬಡಿಸಿ, ನನ್ನ ಮೀನಿನ ತುಂಡನ್ನು ಬೆರಳಿನಿಂದ ಬಿಡಿಸಿ, ಮುಳ್ಳನ್ನೆಲ್ಲ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿ ಆಮೇಲೆ ಮುಂದಿಡುತ್ತಿದ್ದಳು. ಕಣ್ಣು ಮಂಜಾಗುವ ಎಷ್ಟೋ ಮೊದಲಿನಿಂದಲೂ ಹಾಗೆಯೇ. ನಾಲ್ಕು ವರ್ಷದ ಹಿಂದೆ ಅವಳು ಹೋದ ಮೇಲೆಯೇ ಒಂದು ಮೀನಿನಲ್ಲಿ ಎಷ್ಟು ಮುಳ್ಳಿರುತ್ತದೆಂಬ ಲೆಕ್ಕ ನನಗೆ ಸಿಕ್ಕಿದ್ದು. ವಿಜ್ಞಾನದ ಮೇಷ್ಟ್ರು! ಕಪ್ಪೆಯ ಅಸ್ಥಿಪಂಜರವನ್ನು ಬೋರ್ಡಿನ ಮೇಲೆ ಕಣ್ಣುಮುಚ್ಚಿ ಬರೆಯುತ್ತಿದ್ದೆ.

ಮುಳ್ಳಿನ ಶಾಸ್ತ್ರವನ್ನು ಈ ವಯಸ್ಸಿನಲ್ಲಿ ಕಲಿತೆ. ಕಾಟ್ಲ, ರೋಹು, ಮೃಗಾಲ್ ಇವೆಲ್ಲ ಗೆಂಡೆಯ ಜಾತಿ. ಇವುಗಳಲ್ಲಿ ಬೆನ್ನೆಲುಬು ಮತ್ತು ಪಕ್ಕೆಲುಬಲ್ಲದೆ ಮಾಂಸದ ನಡುವೆ ಯಾವುದಕ್ಕೂ ಅಂಟಿಕೊಳ್ಳದೆ ಸಣ್ಣ ಕವಲು ಮುಳ್ಳುಗಳಿರುತ್ತವೆ. ಕವಣೆಯ ಕವೆಯ ಆಕಾರ. ಬೆನ್ನೆಲುಬನ್ನು ಎತ್ತಿದರೂ ಇವು ಒಳಗೇ ಉಳಿಯುತ್ತವೆ. ಅಂದಹಾಗೆ, ಈ ಮೂರೂ ನಮ್ಮ ಕಡೆಯ ಮೂಲ ನಿವಾಸಿಗಳಲ್ಲ, ಉತ್ತರದ ಗಂಗೆಯ ಕಡೆಯವು. ಹರಿಯುವ ಹೊಳೆಯಲ್ಲಿ ಮಾತ್ರ ಮೊಟ್ಟೆಯಿಡುವ ಈ ಮೀನುಗಳಿಗೆ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಕೊಳದಲ್ಲೇ ಮೊಟ್ಟೆಯಿಡಿಸಬಹುದೆಂದು 1957ರ ಜುಲೈ 10ರಂದು ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಅದಾದ ಮೇಲೆಯೇ ದೇಶದ ಮೂಲೆಮೂಲೆಯ ಕೆರೆಗಳಿಗೂ ಮರಿ ಬಿಡುವುದು ಸುಲಭವಾದದ್ದು. ಇಂದಿಗೂ ಜುಲೈ 10 ಮೀನುಕೃಷಿಕರ ರಾಷ್ಟ್ರೀಯ ದಿನ. ನನ್ನ ಗಂಟಲಿನ ಮುಳ್ಳಿನ ವಂಶಾವಳಿ ಅಲ್ಲಿಯವರೆಗೆ ಹೋಗುತ್ತದೆ.

ಇದಕ್ಕೆ ಪರಿಹಾರ ಹೇಳಿದವನು ಮೀನಿನ ವ್ಯಾಪಾರಿ. ನನ್ನ ಹಳೆಯ ವಿದ್ಯಾರ್ಥಿ. ಸತ್ಯಮಂಗಲದ ರಸ್ತೆಯಲ್ಲಿರುವ ಸುವರ್ಣಾವತಿ ಜಲಾಶಯದ ಮೀನನ್ನು ತಂದು ಮಾರುತ್ತಾನೆ. “ಸಾ, ನಿಮ್ಗೆ ರೋಹು ಬ್ಯಾಡ. ಜಿಲೇಬಿ ತಕ್ಕೊಳಿ. ನಡು ಮುಳ್ಳು ಎತ್ತಾಕ್ಬುಟ್ರೆ ಮಿಕ್ಕದ್ದೆಲ್ಲ ಬರೀ ಖಂಡ” ಎಂದ. ಜಿಲೇಬಿ ಎಂದರೆ ತಿಲಾಪಿಯ. 1952ರಲ್ಲಿ ನಮ್ಮ ದೇಶಕ್ಕೆ ಬಂದ ಆಫ್ರಿಕಾ ಮೂಲದ ಮೀನು. ನಮ್ಮ ಕೆರೆಗಳ ದೇಸಿ ಮೀನುಗಳಿಗೆ ಇದು ಕಂಟಕವಾಯಿತೆಂದು ತಜ್ಞರು ದೂರುತ್ತಾರೆ, ದೂರು ನ್ಯಾಯವಾದದ್ದೇ. ಆದರೆ ಇದರ ಮಾಂಸದಲ್ಲಿ ಆ ಕವಲು ಮುಳ್ಳಿಲ್ಲ. ಬೆನ್ನೆಲುಬು, ಪಕ್ಕೆಲುಬು, ರೆಕ್ಕೆಯ ಬುಡದ ಕೆಲವು ಮುಳ್ಳು, ಅಷ್ಟೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. 1986ರ ಸುಮಾರಿಗೆ ಇದೇ ಹುಡುಗ ಸಮೀಕರಣ ಸರಿದೂಗಿಸಲಾಗದೆ ನಿಂತಾಗ, ಗಾಳ ಹಿಡಿದುಕೊಂಡು ಕೆರೆ ಏರಿಯ ಮೇಲೆ ಕೂರಲಿಕ್ಕೇ ನೀನು ಲಾಯಕ್ಕು ಎಂದು ಇಡೀ ತರಗತಿಯ ಮುಂದೆ ಗದರಿದ್ದೆ. ಎಲ್ಲರೂ ನಕ್ಕಿದ್ದರು. ಅವನ ತಂದೆಯ ಕಸುಬು ಅದೇ ಎಂಬುದು ನನಗೆ ತಿಳಿದಿತ್ತು. ತಿಳಿದೇ ಆಡಿದ ಮಾತು. ಜಿಲೇಬಿಯ ಹುರುಪೆ ತೆಗೆಯುತ್ತಾ ಅವನೇ ಎತ್ತಿದ: “ನೀವು ಅಂದಂಗೇ ಆಯ್ತು ನೋಡಿ ಸಾ. ಇದ್ರಲ್ಲೇ ಇಬ್ರು ಮಕ್ಳನ್ನ ಓದುಸ್ದೆ.” ಅವನ ಮಾತಿನಲ್ಲಿ ಕೊಂಕಿರಲಿಲ್ಲ. ತಪ್ಪಾಯಿತು ಕಣಪ್ಪ ಎಂದೆ. “ಬುಡಿ ಸಾ” ಎಂದು ಮೀನನ್ನು ಕವರಿಗೆ ಹಾಕಿದ. ಅವನು ಬುಡಿ ಎಂದದ್ದರಿಂದ ನಾನು ಬಿಟ್ಟಂತಾಗಲಿಲ್ಲ.

ಮೀನು ಸಿಕ್ಕಿತು. ಇನ್ನು ಮಾಡುವ ಬಗೆ. ಮಗಳು ತಂದಿಟ್ಟ ಚಿಕ್ಕ ಓವನ್ ಒಂದು ಹಳೆಯ ಪತ್ರಿಕೆಗಳನ್ನು ಹೊತ್ತುಕೊಂಡು ಅಡುಗೆಮನೆಯಲ್ಲಿ ಕುಳಿತಿತ್ತು. ಮೊಮ್ಮಗಳು ಫೋನಿನಲ್ಲಿ, ತಾತ, ಕಿತ್ತಳೆ ರಸ, ಜೇನುತುಪ್ಪ ಸವರಿ ಮೀನನ್ನು ಓವನ್ನಿನಲ್ಲಿಟ್ಟರೆ ಇಪ್ಪತ್ತೈದೇ ನಿಮಿಷ ಎಂದಳು. ಮೀನಿಗೆ ಸಿಹಿಯೇ ಎಂದು ಮೊದಲು ಮುಖ ಸಿಂಡರಿಸಿದೆ. ಆಮೇಲೆ ಯೋಚಿಸಿದಾಗ, ಇದರಲ್ಲಿ ಅರ್ಧ ನಮ್ಮ ಮನೆಯದೇ ಅನ್ನಿಸಿತು. ಗುಂಡ್ಲುಪೇಟೆಯ ಕಡೆಯ ನಮ್ಮ ಹಳ್ಳಿಯಲ್ಲಿ ಕೆರೆ ಕೋಡಿ ಬಿದ್ದ ವರ್ಷ ಹುಡುಗರೆಲ್ಲ ಪಂಚೆಯನ್ನೇ ಬಲೆ ಮಾಡಿಕೊಂಡು ಕೋಡಿಯ ನೀರಿಗೆ ಇಳಿಯುತ್ತಿದ್ದೆವು. ಸಿಕ್ಕಿದ್ದನ್ನು ಅಜ್ಜಿ ಉಪ್ಪು, ಹೊಲದ ಅರಿಸಿನ, ಮೆಣಸಿನಕಾಯಿ ಅರೆದು ಹಚ್ಚಿ, ಬಾಳೆ ಎಲೆಯಲ್ಲಿ ಸುತ್ತಿ, ಒಲೆಯ ಕೆಂಡದ ಬೂದಿಯಲ್ಲಿ ಹುದುಗಿಸಿಡುತ್ತಿದ್ದಳು. ಮುದ್ದೆ ತೊಳೆಸುವಷ್ಟರಲ್ಲಿ ಮೀನು ಬೆಂದಿರುತ್ತಿತ್ತು. ಓವನ್ ಎಂದರೆ ಬೂದಿಯಿಲ್ಲದ ಅದೇ ಒಲೆ. ಇನ್ನು ಹುಳಿ-ಸಿಹಿಗೆ ನಮ್ಮಾಕೆಯ ಹೇರಳೆಕಾಯಿ ಗೊಜ್ಜಿಲ್ಲವೇ? ಹುಳಿ, ಕಹಿ, ಖಾರ, ಬೆಲ್ಲ ನಾಲ್ಕೂ ಜಗಳವಾಡದೆ ಕೂಡಿರುವ ಪದಾರ್ಥ ಅದೊಂದೇ ಎಂದು ನನ್ನ ನಂಬಿಕೆ. ಜೇನನ್ನು ಬಿಟ್ಟು ಅಚ್ಚು ಬೆಲ್ಲ ಹಿಡಿದೆ. ಕಿತ್ತಳೆ ಕೊಡಗಿನದು, ಅದರ ಜೊತೆಗೆ ಹಿತ್ತಲ ಹೇರಳೆ.

ಮೊದಲ ಪ್ರಯೋಗ ಅನಾಹುತ. ಪಾಕವನ್ನು ಆರಂಭದಲ್ಲೇ ಸವರಿ ಓವನ್ನಿಗಿಟ್ಟೆ. ಸಕ್ಕರೆ 160 ಡಿಗ್ರಿ ದಾಟಿತೆಂದರೆ ಕಂದಾಗಲು ತೊಡಗುತ್ತದೆ, ಆಮೇಲೆ ಇದ್ದಿಲು. ಓವನ್ ಇದ್ದದ್ದು 220ರಲ್ಲಿ. ಮೀನು ಒಳಗೆ ಹಸಿ, ಹೊರಗೆ ಕೀಲೆಣ್ಣೆ ಬಳಿದಂತೆ. ಹೊಗೆ ನೋಡಿ ಪಕ್ಕದ ಮನೆಯವರು ಓಡಿಬಂದರು. ಈ ಸುದ್ದಿ ಬೆಂಗಳೂರಿಗೆ ಮುಟ್ಟಬಾರದೆಂದು ಕೈಮುಗಿದು ಕೇಳಿಕೊಂಡೆ. ಈ ಸಲ ಮಾತು ಉಳಿಸಿಕೊಂಡರು. ಎರಡನೆಯ ಸಲ ಹುಳಿ ಹೆಚ್ಚು ಹೊತ್ತು ನೆನೆಸಿ, ಮಾಂಸ ಬೇಯುವ ಮೊದಲೇ ಮೆತ್ತಗಾಯಿತು. ಆಮ್ಲ ತಾಗಿದರೆ ಪ್ರೋಟೀನು ಬೆಂಕಿಯಿಲ್ಲದೆಯೇ ಬದಲಾಗುತ್ತದೆಂಬುದು ನಿಮಗೆಲ್ಲ ಹಾಲು ಒಡೆಯುವ ಉದಾಹರಣೆ ಕೊಟ್ಟು ಹೇಳಿದ್ದೇ. ಹೇಳಿದವನಿಗೆ ಅಡುಗೆಮನೆಯಲ್ಲಿ ನೆನಪಾಗಲಿಲ್ಲ.

ಮೂರನೆಯ ಸಲ ಹದ ಸಿಕ್ಕಿತು. ಅದನ್ನೇ ಬರೆಯುತ್ತೇನೆ. ಒಂದೊಂದೂ ಅರ್ಧ ಕಿಲೋಗೆ ಸ್ವಲ್ಪ ಕಡಿಮೆ ತೂಗುವ ಎರಡು ಜಿಲೇಬಿ, ಹುರುಪೆ, ಕರುಳು, ಕಿವಿರು ತೆಗೆಸಿದ್ದು. ಎರಡೂ ಪಕ್ಕದಲ್ಲಿ ಮೂಳೆ ಮುಟ್ಟುವಂತೆ ಮೂರು ಮೂರು ಗೀರು. ಉಪ್ಪು, ಅರಿಸಿನ, ಮೆಣಸಿನ ಪುಡಿ, ಅರೆದ ಶುಂಠಿ ಬೆಳ್ಳುಳ್ಳಿ, ಒಂದು ಚಮಚ ಎಣ್ಣೆ, ಅರ್ಧ ಹೇರಳೆಯ ರಸ ಹಚ್ಚಿ ಹತ್ತೇ ನಿಮಿಷ ಬಿಡುವುದು. ಅಷ್ಟರಲ್ಲಿ ಓವನ್ನನ್ನು 200 ಡಿಗ್ರಿಗೆ ಕಾಯಲಿಡುವುದು. ಒಲೆಯ ಮೇಲೆ ಒಂದು ಕಿತ್ತಳೆಯ ರಸ, ಉಳಿದರ್ಧ ಹೇರಳೆಯ ರಸ, ನಿಂಬೆ ಗಾತ್ರದ ಎರಡು ತುಂಡು ಬೆಲ್ಲ, ಕುಟ್ಟಿದ ಒಣಮೆಣಸಿನಕಾಯಿ, ಚಿಟಿಕೆ ಉಪ್ಪು ಹಾಕಿ ಕುದಿಸಬೇಕು. ಬೆಲ್ಲ ಕರಗಿದ ಮೇಲೆ ಒಮ್ಮೆ ಸೋಸುವುದು ಒಳ್ಳೆಯದು, ಮರಳಿರುತ್ತದೆ. ಒಂದೆಳೆ ಪಾಕಕ್ಕೆ ತುಸು ಮೊದಲು, ಬೆರಳಿಗೆ ಅಂಟು ಹತ್ತುವಾಗ ಇಳಿಸಬೇಕು. ಮೀನನ್ನು ಪಾಕವಿಲ್ಲದೆಯೇ ಹದಿನೈದು ನಿಮಿಷ ಬೇಯಿಸಿ, ಹೊರತೆಗೆದು ಪಾಕ ಸವರಿ ಐದು ನಿಮಿಷ, ಮತ್ತೆ ಸವರಿ ಇನ್ನೈದು ನಿಮಿಷ. ಗೀರಿನ ಆಳದಲ್ಲಿ ಮಾಂಸ ಬೆಳ್ಳಗಾಗಿ, ಮೂಳೆಯಿಂದ ಪದರಪದರವಾಗಿ ಬಿಟ್ಟರೆ ಆಯಿತು. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಮರಳು ಹರಡಿ, ಅದರ ಮೇಲೆ ತಟ್ಟೆಯಿಟ್ಟು ಮುಚ್ಚಿ, ಹಿಂದೆ ಕೇಕ್ ಮಾಡುತ್ತಿದ್ದಂತೆ ಮಾಡಬಹುದು. ಸಮಯ ಹೆಚ್ಚು ಹಿಡಿಯುತ್ತದೆ. ತಟ್ಟೆಗೆ ಫಾಯಿಲ್ ಹಾಸುವುದನ್ನು ಮರೆಯಬೇಡಿ. ನಾನು ಮರೆತಿದ್ದೆ.

ಹುಳಿ ಯಾಕೆ ಬೇಕೆಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ನಮ್ಮ ಕೆರೆ, ಜಲಾಶಯದ ಮೀನಿಗೆ ಕೆಲವೊಮ್ಮೆ ಕೆಸರಿನ ವಾಸನೆ ಇರುತ್ತದೆ. ಅದಕ್ಕೆ ಬಹುಪಾಲು ಕಾರಣ ಜಿಯೋಸ್ಮಿನ್ ಎಂಬ ವಸ್ತು. 1965ರಲ್ಲಿ ಅದಕ್ಕೆ ಹೆಸರಿಟ್ಟರು. ಗ್ರೀಕ್ ಮೂಲದಲ್ಲಿ ಭೂಮಿಯ ವಾಸನೆ ಎಂದರ್ಥ. ನೀರಿನಲ್ಲೂ ಮಣ್ಣಿನಲ್ಲೂ ಇರುವ ಸೂಕ್ಷ್ಮಜೀವಿಗಳು ಅದನ್ನು ತಯಾರಿಸುತ್ತವೆ. ಆಮ್ಲದಲ್ಲಿ ಅದು ಒಡೆದುಹೋಗುತ್ತದೆ. ನಮ್ಮ ಅಜ್ಜಿಯರು ಹುಣಿಸೆ, ಮಾವಿನಕಾಯಿ, ನಿಂಬೆ ಹಿಂಡಿದ್ದು ಇದೇ ಕೆಲಸಕ್ಕೆ. ಇದನ್ನು ಓದಿದ ದಿನ ನನಗೆ ಸೋಜಿಗವಾದದ್ದು ಬೇರೆ ಕಾರಣಕ್ಕೆ. ಬೇಸಗೆ ಕಳೆದು ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಮೊದಲ ಮಳೆ ಬಂದಾಗ ಗುಂಡ್ಲುಪೇಟೆಯ ಹೊಲಗಳಿಂದ ಏಳುವ ಮಣ್ಣಿನ ಪರಿಮಳವಿದೆಯಲ್ಲ, ಅದರಲ್ಲಿರುವುದೂ ಇದೇ ಜಿಯೋಸ್ಮಿನ್. ಹೊಲದಲ್ಲಿದ್ದರೆ ಪರಿಮಳ, ತಟ್ಟೆಯಲ್ಲಿದ್ದರೆ ವಾಸನೆ.

ಪರೀಕ್ಷೆಯ ದಿನ ಭಾನುವಾರ. ಅವರು ಸುಲ್ತಾನ್ ಬತ್ತೇರಿ ಬಿಟ್ಟಾಗಲೇ ಸಂಜೆಯಾಗಿತ್ತು. ಆ ಹೆದ್ದಾರಿಯಲ್ಲಿ (ನಮ್ಮ ಕಾಲದ 212, ಈಗಿನ 766) ಬಂಡೀಪುರದ ಕಾಡಿನೊಳಗೆ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ಗೇಟು ಮುಚ್ಚುವ ಮೊದಲು ದಾಟಿದರೋ ಇಲ್ಲವೋ ಎಂದು ಗಡಿಯಾರ ನೋಡುತ್ತಾ ಕುಳಿತಿದ್ದೆ. 8.40ಕ್ಕೆ ಗುಂಡ್ಲುಪೇಟೆಯಿಂದ ಫೋನು ಬಂತು. “ದಾಟಿದ್ವಿ ಅಪ್ಪ. ಮಗೂಗೆ ಹಸಿವು. ಇಲ್ಲೇ ಹೋಟೆಲಿನಲ್ಲಿ ತಿಂದ್ಕೊಂಡು ಬರ್ತೀವಿ, ನೀವು ತೊಂದ್ರೆ ತಗೋಬೇಡಿ” ಎಂದಳು. ಬೇಡ, ನೇರವಾಗಿ ಬನ್ನಿ, ಅಡುಗೆ ಆಗಿದೆ ಎಂದೆ. ಸುಳ್ಳು. ಮೀನು ಇನ್ನೂ ಫ್ರಿಜ್ಜಿನಲ್ಲಿತ್ತು. ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಇಲ್ಲಿಗೆ ಮುಕ್ಕಾಲು ಗಂಟೆಯಾದರೂ ಬೇಕು. ಈ ಅಡುಗೆಗೆ ಅಷ್ಟು ಸಾಕು.

ಮೀನಿಗೆ ಮಸಾಲೆ ಹಚ್ಚಿದೆ, ಪಾಕ ಇಳಿಸಿದೆ, ಓವನ್ನಿಗಿಟ್ಟೆ. ಎಂಟು ನಿಮಿಷವಾಗಿತ್ತು, ಕರೆಂಟು ಹೋಯಿತು. ಕತ್ತಲೆಯಲ್ಲಿ ಓವನ್ನಿನ ಮುಂದೆ ನಿಂತು ಬಾಗಿಲು ತೆರೆಯಲೇ ಬೇಡವೇ ಎಂದು ಒದ್ದಾಡಿದೆ. ತೆರೆದರೆ ಇರುವ ಶಾಖವೂ ಹೋಗುತ್ತದೆ. ತೆರೆಯಲಿಲ್ಲ. ಅನ್ನ ಆಗಿತ್ತು, ಟಾರ್ಚಿನ ಬೆಳಕಿನಲ್ಲಿ ಈರುಳ್ಳಿ ಹೆಚ್ಚಿದೆ. ಹನ್ನೆರಡು ನಿಮಿಷಕ್ಕೆ ದೀಪ ಬಂತು. ಅಷ್ಟು ಹೊತ್ತಿನ ಲೆಕ್ಕ ಹೇಗೆ ಹಿಡಿಯುವುದು? ಅಂದಾಜಿನ ಮೇಲೆ ಮತ್ತೆ ಎಂಟು ನಿಮಿಷ ಕೊಟ್ಟು, ಗೀರಿನಲ್ಲಿ ಚಮಚ ತೂರಿಸಿ ಮುಟ್ಟಿ ನೋಡಿ ಪಾಕ ಸವರಿದೆ. ಎರಡನೆಯ ಸಲ ಸವರುವಾಗ ಹೊರಗೆ ಕಾರು ನಿಂತಿತು.

ಮೊಮ್ಮಗಳು ಮೊದಲು ಬಂದದ್ದು ಅಡುಗೆಮನೆಗೆ. “ತಾತ, ಇದು ನಾನು ಹೇಳಿದ್ದಾ?” ಎಂದಳು. ಮಗಳು ಬಾಗಿಲಲ್ಲೇ ನಿಂತು ಮೀನನ್ನು ನೋಡಿದಳು, ನನ್ನನ್ನು ನೋಡಿದಳು, ಏನೂ ಅನ್ನಲಿಲ್ಲ. ಅಳಿಯಂದಿರು ದೇವರಂಥ ಮನುಷ್ಯ, ಹಸಿವು ತಡೆಯಲಾಗದೆ ತಟ್ಟೆ ಹಾಕಿಕೊಂಡರು. ಪಾಕ ಒಂದು ಅಂಚಿನಲ್ಲಿ ಕೊಂಚ ಕಪ್ಪಾಗಿತ್ತು, ಮಿಕ್ಕ ಕಡೆ ಹೊಂಬಣ್ಣದ ಹೊಳಪು. ಹೇರಳೆಯ ಕಹಿ ಬೆಲ್ಲದ ಹಿಂದೆ ನಿಂತು ಕೊನೆಗೆ ನಾಲಿಗೆಗೆ ಬರುತ್ತಿತ್ತು. ಅದೇ ಗೊಜ್ಜಿನ ರುಚಿ. ಮಗಳು ಮೊದಲ ತುತ್ತು ತಿಂದು ತುಸು ಹೊತ್ತು ಅಗಿಯುವುದನ್ನೇ ನಿಲ್ಲಿಸಿದಳು. “ಅಮ್ಮನ ಮರದ್ದಾ?” ಎಂದಳು. ಹೌದೆಂದೆ.

ನನ್ನ ತಟ್ಟೆಗೆ ಬಡಿಸಿದವಳು ಅವಳೇ. ಬೆನ್ನೆಲುಬನ್ನು ಬಾಲದ ಕಡೆಯಿಂದ ಹಿಡಿದೆತ್ತಿದಾಗ ಪೂರ್ತಿಯಾಗಿ ಬಂತು. ಇದರಲ್ಲಿ ಬೇರೆ ಮುಳ್ಳಿಲ್ಲ ಕಣಮ್ಮ, ಅದಕ್ಕಾಗಿಯೇ ಇದನ್ನು ತಂದದ್ದು ಎಂದು ವಿವರಿಸಲು ಹೊರಟೆ. ಗೆಂಡೆ, ತಿಲಾಪಿಯ, ಕವಲು ಮುಳ್ಳು ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಅವಳು ಕೇಳಿಸಿಕೊಳ್ಳುತ್ತಲೇ ನನ್ನ ಮೀನಿನ ಮೇಲೆ ಬೆರಳಾಡಿಸಿ ಒತ್ತಿ ಒತ್ತಿ ನೋಡುತ್ತಿದ್ದಳು. ರೆಕ್ಕೆಯ ಬುಡದಲ್ಲಿ ಒಂದು ಸಿಕ್ಕಿತು. ತೆಗೆದು ತಟ್ಟೆಯ ಅಂಚಿಗಿಟ್ಟಳು. ಆಮೇಲೆ ತಟ್ಟೆಯನ್ನು ನನ್ನ ಮುಂದೆ ಸರಿಸಿದಳು. ನನ್ನ ಪಾಠ ಅಲ್ಲಿಗೇ ನಿಂತಿತು.

ಬೆಂಗಳೂರಿನ ಮಾತು ಬಂದದ್ದು ಮಂಗಳವಾರ ಬೆಳಗ್ಗೆ, ಹೊರಡುವ ಹೊತ್ತಿಗೆ. ಅಷ್ಟರಲ್ಲಿ ಅವಳು ಗ್ಯಾಸಿನ ಕೊಳವೆ, ಮಾತ್ರೆಯ ಡಬ್ಬಿ, ಬಚ್ಚಲಿನ ನೆಲ ಎಲ್ಲವನ್ನೂ ಪರೀಕ್ಷಿಸಿದ್ದಳು. “ಯುಗಾದಿವರೆಗೆ ನೋಡೋಣ ಅಪ್ಪ. ರಾತ್ರಿ ಊಟ ಆದ್ಮೇಲೆ ದಿನಾ ಒಂದು ಫೋನ್ ಮಾಡ್ಬೇಕು. ಜಿಲೇಬಿ ಬಿಟ್ಟು ಬೇರೆ ಮೀನು ತರಬಾರ್ದು” ಎಂದಳು. ಒಪ್ಪಿದೆ. ಪಾಸೋ ಫೇಲೋ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಿತ್ತಲಿಗೆ ಹೋಗಿ ನಾಲ್ಕು ಹೇರಳೆಕಾಯಿ ಕಿತ್ತು ಚೀಲಕ್ಕೆ ಹಾಕಿಕೊಂಡಳು. ವಾರದ ಮೇಲೆ ಅವಳದೇ ಫೋನು: ಬೆಲ್ಲ ಎಷ್ಟು ಹಾಕಿದ್ದಿರಿ, ತನ್ನದು ಕಹಿಯಾಯಿತು ಎಂದು.

ಪಾಕ ಸುಟ್ಟು ಅಂಟಿದ ಓವನ್ನಿನ ತಟ್ಟೆ ಮೂರು ದಿನ ನೀರಿನಲ್ಲಿ ನೆನೆಯಿತು. ನಾಲ್ಕನೆಯ ದಿನ ಹಿಂಡಿ ಉಳಿದಿದ್ದ ಹೇರಳೆಯ ಸಿಪ್ಪೆಗೆ ಉಪ್ಪು ಹಾಕಿ ಉಜ್ಜಿದೆ. ಮುಕ್ಕಾಲು ಪಾಲು ಬಿಟ್ಟಿತು.